ಅಪ್ಪನನ್ನು ಹುಡುಕಿದವರು

ಆಕಾಶ ನೋಡದೆ ಅವರು ಮಾತು ಶುರು ಮಾಡಿದ್ದನ್ನು ನಾನು ಕಂಡಿಲ್ಲ. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಹಿಂದಿನಿಂದ ನೂಕುತ್ತಿದ್ದರೂ ಪಕ್ಕದ ಕಂಬಿಗೆ ಸರಿದು ನಿಂತು, ತಲೆ ಎತ್ತಿ, ಮೂಗಿನಿಂದ ಒಮ್ಮೆ ಗಾಳಿ ಎಳೆದುಕೊಂಡು, "ಮಧ್ಯಾಹ್ನದ ಮ್ಯಾಲ ಬರ್ತದ ನೋಡು ಮಳಿ" ಎನ್ನುವರು. ಎಷ್ಟೋ ಸಲ ಬರುತ್ತಿತ್ತು. ಬರದಿದ್ದರೂ ಸೋಲು ಒಪ್ಪುವ ಜನವಲ್ಲ. "ಘಾಟದಾಗ ಬಂದಿರ್ತದ ತಂಗಿ, ಇಲ್ಲಿ ಬಿಲ್ಡಿಂಗ್ ಅಡ್ಡ ಬಂದಾವ" ಎನ್ನುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹೋದ ತಿಂಗಳು ಕಲ್ಯಾಣದ ತಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿದು ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋಗಿಬಿಟ್ಟರು. ನಮ್ಮ ಬಳಗದಲ್ಲಿ, ನಮ್ಮ ಕನ್ನಡ ಸಂಘದಲ್ಲಿ ಅವರ ಹೆಸರೆತ್ತಿದರೆ ಈಗಲೂ ಜನ ಹೇಳುವುದು ಒಂದೇ ಮಾತು: ನನ್ನ ಅಪ್ಪನನ್ನು ಬೆಟ್ಟದಲ್ಲಿ ಬಿಟ್ಟು ಬಂದವರು. ಅದು ಸುಳ್ಳಲ್ಲ. ಆದರೆ ಬಿಟ್ಟು ಬಂದ ಮೇಲೆ ಅವರು ಏನು ಮಾಡಿದರು ಎನ್ನುವುದನ್ನು ಅವರ ಪಕ್ಕದಲ್ಲಿ ನಿಂತು ನೋಡಿದವಳು ನಾನೊಬ್ಬಳೇ.

ಅವರ ಊರು ಖಾನಾಪುರದ ಕಾಡಿನ ಅಂಚು. ಓದು ಮುಗಿಸಿ ಅಂಬರನಾಥದ ಒಂದು ಕಾರ್ಖಾನೆಗೆ ಬಂದು ಅಲ್ಲೇ ಆಫೀಸರಾಗಿ ನಿವೃತ್ತರಾದರು. ಹೆಂಡತಿ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು ಮದುವೆಯಾಗಿ ನೆರೂಳಿನಲ್ಲಿದ್ದಾಳೆ. ಕಲ್ಯಾಣ ಸ್ಟೇಷನ್ನಿನ ಹತ್ತಿರ ನನ್ನ ಅಪ್ಪನದೊಂದು ಸಣ್ಣ ಉಡುಪಿ ಹೋಟೆಲು. ಕಾಕಾ ಡ್ಯೂಟಿ ಮುಗಿಸಿ ಬಂದು ಅಲ್ಲಿ ಚಹಾ ಕುಡಿಯುತ್ತಿದ್ದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಮೊದಮೊದಲು ಅರ್ಧವೇ ಅರ್ಥವಾಗುತ್ತಿತ್ತಂತೆ. ಜಗಳವಾಡುವ ಹಾಗೆ ಮಾತಾಡುತ್ತಾ ಗೆಳೆಯರಾದರು.

ಬಿಸಿ ಕಾವಲಿಯ ಎದುರು ಆಯುಷ್ಯ ಕಳೆದ ಅಪ್ಪನಿಗೆ ಬೆಟ್ಟದ ಹುಚ್ಚು ಹಿಡಿಸಿದವರು ಇವರೇ. ಭಾನುವಾರ ಬಂತೆಂದರೆ ಗಲ್ಲಾಪೆಟ್ಟಿಗೆಯನ್ನು ಮ್ಯಾನೇಜರನಿಗೆ ಒಪ್ಪಿಸಿ, ಬನ್ಸು ಚಟ್ನಿ ಕಟ್ಟಿಸಿಕೊಂಡು ಅಪ್ಪ ಹೊರಟುಬಿಡುತ್ತಿದ್ದರು. "ಈ ವಯಸ್ಸಿನಲ್ಲಿ ಎಂತದ್ದು ನಿಮ್ಮದು? ಕಾಲು ಜಾರಿದರೆ?" ಎಂದು ಅಮ್ಮ ಗೊಣಗಿದರೆ, ಕಾಕಾ ಬಾಗಿಲಲ್ಲೇ ನಿಂತು, "ವೈನಿ, ನಾ ಅದೀನಲ್ಲ" ಎನ್ನುತ್ತಿದ್ದರು.

ಅವರು ನಗುವಾಗ ಸದ್ದು ಬರುತ್ತಿರಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು. ಹುಡುಗನಾಗಿದ್ದಾಗ ತಂದೆಯ ಜೊತೆ ಬೇಟೆಗೆ ಹೋಗುತ್ತಿದ್ದರಂತೆ. ಪೊದೆಯ ಮರೆಯಲ್ಲಿ ಕೂತು ನಗು ಬಂದರೂ ಸದ್ದು ಮಾಡುವ ಹಾಗಿರಲಿಲ್ಲವಾದ್ದರಿಂದ ಅದೇ ರೂಢಿಯಾಯಿತು ಎನ್ನುತ್ತಿದ್ದರು. ಆಗ ಕಾನೂನು ಇಷ್ಟು ಬಿಗಿ ಇರಲಿಲ್ಲ. ತಂದೆಯ ಹತ್ತಿರ ಲೈಸೆನ್ಸಿನ ಕೋವಿ ಇತ್ತು. ಹಂದಿ, ಮೊಲ, ಕಾಡುಕೋಳಿ. ಸಂಘದಲ್ಲಿ ಯಾರಾದರೂ, "ಪಾಪ ಅನ್ನಿಸುವುದಿಲ್ಲವಾ?" ಎಂದು ಕೇಳಿದರೆ, "ಈಗ ಅನಸ್ತದ. ಆಗ ಹಸಿವು ಅನಸ್ತಿತ್ತು" ಎಂದು ಮುಗಿಸಿಬಿಡುತ್ತಿದ್ದರು. ಮದುವೆ ಮನೆಯಲ್ಲೂ ಪ್ಯಾಂಟಿನ ತುದಿ ಮಡಚಿಕೊಂಡೇ ಇರುತ್ತಿದ್ದರು. ಕೂತರೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ಆ ಆಗಸ್ಟಿನ ಭಾನುವಾರ ಇಬ್ಬರೇ ಹೋದದ್ದು. ಮುರಬಾಡ ದಾಟಿ, ಘಾಟಿಯ ಮೇಲಿನ ಬಯಲಿಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಹಳೆಯ ಕಾಲುದಾರಿ ಹಿಡಿದು ಕೆಳಗಿನ ವಾಡಿಗೆ, ಹತ್ತಾರು ಮನೆಗಳ ಹಳ್ಳಿಗೆ, ಇಳಿಯುವುದು ಅವರ ಯೋಚನೆ. ಬೆಳಿಗ್ಗೆ ಬಿಸಿಲಿತ್ತಂತೆ. ಬಯಲಿನ ಅಂಚಿಗೆ ಬರುವಷ್ಟರಲ್ಲಿ ಕೆಳಗಿನ ಕಣಿವೆಯಿಂದ ಮೋಡ ಎದ್ದು ಬಂತು. ಸಹ್ಯಾದ್ರಿಯ ಆ ಮಂಜು ನೋಡಿದವರಿಗೆ ಗೊತ್ತು, ಅದು ಮೆಲ್ಲಗೆ ಬರುವುದಿಲ್ಲ. ಈಗ ಎದುರಿನ ಬೆಟ್ಟ ಇರುತ್ತದೆ, ಬೆನ್ನಚೀಲದಿಂದ ನೀರಿನ ಬಾಟಲಿ ತೆಗೆಯುವಷ್ಟರಲ್ಲಿ ನಿಮ್ಮ ಕಾಲೇ ನಿಮಗೆ ಕಾಣುವುದಿಲ್ಲ. ಹಿಂದೆಯೇ ಮಳೆ. ದಾರಿ ಅಲ್ಲೊಂದು ತಿರುವು ತೆಗೆದುಕೊಂಡು ಹಳ್ಳ ದಾಟುತ್ತದೆ. ಹಳ್ಳ ಏರಿದೆಯೋ ನೋಡಿ ಬರಬೇಕಿತ್ತು.

"ಇಲ್ಲೇ ಕೂಡ್ರು. ನಾ ನೀರು ನೋಡಿ ಬರ್ತೀನಿ. ಕೂಗ್ತೀನಿ, ಆಮ್ಯಾಲ ಬಾ."

ಇದು ಅವರು ಅಪ್ಪನಿಗೆ ಹೇಳಿದ ಕೊನೆಯ ಮಾತು. ಅಪ್ಪ ಒಂದು ಕಲ್ಲಿನ ಮೇಲೆ ಕೂತು, "ಆಯ್ತು ಮಾರಾಯ, ಬೇಗ ಬಾ" ಅಂದರಂತೆ. ಕಾಕಾ ತಿರುವು ದಾಟಿ ಹೋಗಿ ನೋಡಿದರು. ಹಳ್ಳ ದಾಟಬಹುದಿತ್ತು. ಅಪ್ಪನ ಹೆಸರು ಹಿಡಿದು ಕೂಗಿದರು. ಬರಲಿಲ್ಲ. ಮತ್ತೆ ಕೂಗಿದರು. ವಾಪಸು ಬಂದು ನೋಡಿದರೆ ಕಲ್ಲಿನ ಮೇಲೆ ಯಾರೂ ಇಲ್ಲ.

ಕತ್ತಲಾಗುವವರೆಗೆ ಕೂಗಿದರು. ಆ ದಿನ ಹೋದ ದನಿ ಅವರಿಗೆ ಮತ್ತೆ ಸರಿಯಾಗಿ ಬರಲೇ ಇಲ್ಲ. ಸಾಯುವವರೆಗೂ ಒಡಕು ದನಿಯಲ್ಲೇ ಮಾತಾಡಿದರು. ಮರುದಿನ ಪೊಲೀಸರು, ಹಗ್ಗ ಹಿಡಿದ ರೆಸ್ಕ್ಯೂ ಹುಡುಗರು, ವಾಡಿಯ ಜನ ಎಲ್ಲ ಬಂದರು. ಹಳ್ಳದ ನೀರಿಗೆ ಸಿಕ್ಕಿ ಕೆಳಗೆ ಹೋಗಿರಬೇಕು ಎಂದು ಎಲ್ಲರಿಗೂ ಅನ್ನಿಸಿತು. ಹಳ್ಳವನ್ನೂ ಅದು ಧುಮುಕುವ ಕೊರಕಲನ್ನೂ ಜಾಲಾಡಿದರು. ಮಳೆ ನಿಲ್ಲಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಇಳಿದು ಹೋದರು.

ಕಾಕಾ ನಮ್ಮ ಮನೆಗೆ ಬಂದಾಗ ಅಮ್ಮ ಬಾಗಿಲಿನ ಚಿಲಕ ತೆಗೆಯಲಿಲ್ಲ. ಒಳಗಿನಿಂದಲೇ, "ಅವರನ್ನು ಕರ್ಕೊಂಡು ಬಂದಿದ್ದೀರಾ?" ಎಂದು ಕೇಳಿದಳು.

"ಇಲ್ರಿ ವೈನಿ."

"ಹಾಗಾದರೆ ಎಂತಕ್ಕೆ ಬಂದದ್ದು?"

ಅವರು ಮೆಟ್ಟಿಲಿಳಿದು ಹೋದರು. ಮುಂದಿನ ಭಾನುವಾರ ಬೆಟ್ಟಕ್ಕೆ ಹೋದರು. ಅದರ ಮುಂದಿನ ಭಾನುವಾರವೂ.

ಅಮ್ಮ ಕುಂಕುಮ ಇಡುವುದು ಬಿಡಲಿಲ್ಲ, ಕರಿಮಣಿ ತೆಗೆಯಲಿಲ್ಲ. ತಲೆಗೆ ಪೆಟ್ಟಾಗಿ ನೆನಪು ಹೋಗಿರಬೇಕು, ಯಾವುದೋ ಹಳ್ಳಿಯಲ್ಲಿ ಇರಬೇಕು, ಎನ್ನುತ್ತಿದ್ದಳು. ಊರಿನಿಂದ ದೊಡ್ಡಪ್ಪ ಬಂದು, ದರ್ಭೆಯ ಬೊಂಬೆ ಮಾಡಿಯಾದರೂ ಕರ್ಮ ಮುಗಿಸುವ ಎಂದದ್ದಕ್ಕೆ, ಬಡಿಸುತ್ತಿದ್ದ ಸೌಟನ್ನು ನೆಲಕ್ಕೆ ಎಸೆದು ಒಳಗೆ ಹೋದಳು. ವಾಚ್‌ಮನ್ ಬೆಲ್ ಮಾಡಿದರೂ ಓಡಿ ಬರುತ್ತಿದ್ದಳು. ಆ ಓಟ ನೋಡಲಾಗದೆ ನಾನು ಮನೆಯಿಂದ ಹೊರಗಿರಲು ಕಾರಣ ಹುಡುಕತೊಡಗಿದೆ. ವಾರವೆಲ್ಲ ಘೋಡಬಂದರ್ ರಸ್ತೆಯ ಆಫೀಸು ಇತ್ತು. ಭಾನುವಾರಕ್ಕೆ ಕಾಕಾ ಇದ್ದರು.

ಮೊದಲ ದಿನ ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡು ಅವರು ಏನೂ ಕೇಳಲಿಲ್ಲ. ನನ್ನ ಬೂಟು ನೋಡಿ, "ಇದು ನಡಿಯೂದಿಲ್ಲ, ಜಾರ್ತದ" ಎಂದರು, ಅಷ್ಟೇ.

ಅವರ ಹುಡುಕಾಟ ಬೇಟೆಗಾರನದು. ಹತ್ತಿಪ್ಪತ್ತು ಹೆಜ್ಜೆಗೊಮ್ಮೆ ಕುಕ್ಕರಗಾಲಲ್ಲಿ ಕೂತು ನೆಲ ನೋಡುವರು. ಮುರಿದ ಕಾರವಿ ಗಿಡದ ಕಡ್ಡಿಯ ತುದಿ ಹಳೆಯದೋ ಹೊಸದೋ ಎಂದು ಉಗುರಿನಿಂದ ಕೆರೆದು ನೋಡುವರು. ಕಾಗೆ ಎಲ್ಲಿ ಇಳಿಯಿತು, ಇರುವೆ ಯಾವ ಕಡೆಯಿಂದ ಬರುತ್ತಿದೆ, ಎಲ್ಲ ಲೆಕ್ಕಕ್ಕೆ. ನಾನು ಮೊದಲು ಬೆರಗಾಗಿ ನೋಡುತ್ತಿದ್ದೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಗೊತ್ತಾಯಿತು, ಅವರಿಗೆ ಗೊತ್ತಿದ್ದ ಯಾವ ವಿದ್ಯೆಯೂ ಇಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ. ಒಂದು ಮಳೆಗಾಲ ಎಲ್ಲ ಗುರುತನ್ನೂ ತೊಳೆದಿತ್ತು. ಆದರೂ ಕೂತು ನೋಡುವುದನ್ನು ಅವರು ಬಿಡಲಿಲ್ಲ.

ಅವರು ಬೇರೆ ಬೇರೆ ರೀತಿಯಲ್ಲಿ ಸೋತದ್ದನ್ನು ನಾನು ನೋಡಿದ್ದೇನೆ. ಒಮ್ಮೆ ಕೊರಕಲಿನ ತಳದಲ್ಲಿ ಒಂದು ಎಲುಬು ಸಿಕ್ಕಿತು. ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿ, "ದನದ್ದು" ಎಂದರು. ಎಂದವರು ಬಂಡೆಗೆ ಹಣೆಯನ್ನು ಚಚ್ಚಿಕೊಳ್ಳತೊಡಗಿದರು. ನಾನು ನಡುವೆ ಕೈ ಇಡಬೇಕಾಯಿತು. ಇನ್ನೊಮ್ಮೆ, ಮಂಜು ಕವಿಯುತ್ತಿದ್ದಾಗ, ಹಗ್ಗವಿಲ್ಲದೆ ಒಂದು ಹಾಸುಬಂಡೆಯ ಮೇಲೆ ಇಳಿಯಲು ಹೊರಟರು. ನೀರು ಹರಿದು ಪಾಚಿ ಕಟ್ಟಿದ ಬಂಡೆ. ಅವರು ಕಾಲಿಡುತ್ತಿದ್ದ ರೀತಿ ನೋಡಿದರೆ, ಬಿದ್ದರೆ ಬೀಳಲಿ ಎನ್ನುವಂತಿತ್ತು.

"ಕಾಕಾ, ಮೇಲೆ ಬನ್ನಿ!"

"ಕೆಳಗ ಒಂದು ಪೊಟರಿ ಕಾಣಸ್ತದ ತಂಗಿ."

"ನೀವೂ ಹೋದರೆ ನಾನು ಯಾರ ಜೊತೆ ಹುಡುಕುವುದು?"

ಅವರು ಬಂಡೆಗೆ ಕೆನ್ನೆ ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಮೆಲ್ಲಗೆ ಮೇಲೆ ಹತ್ತಿ ಬಂದರು. ಅಂದೇ ನಾನು ಹೇಳಿದೆ, ಸಾಕು, ಬಿಟ್ಟುಬಿಡೋಣ ಎಂದು. ಅವರು ಬಾಟಲಿಯ ನೀರಿನಿಂದ ಮುಖ ತೊಳೆದುಕೊಂಡು ಹಂದಿಯ ಕಥೆ ಹೇಳಿದರು.

ಅವರು ಮೊದಲ ಸಲ ಹಂದಿಗೆ ಗುಂಡು ಹೊಡೆದಾಗ ಅದು ಹಿಂಗಾಲಿಗೆ ತಾಗಿತಂತೆ. ಹಂದಿ ಓಡಿತು. ಮಳೆ ಸುರಿಯುತ್ತಿತ್ತು. ಇವರು ಮನೆಗೆ ಹೋಗೋಣ ಎಂದು ಅತ್ತರು. ತಂದೆ ಬಿಡಲಿಲ್ಲ. ಆ ದಿನ, ಮರುದಿನ, ಜಿಗಣೆ ಕಚ್ಚಿಸಿಕೊಳ್ಳುತ್ತಾ ರಕ್ತದ ಜಾಡು ಹಿಡಿದು ನಡೆಸಿದರು. ಕೊನೆಗೆ ಒಂದು ಬಿದಿರು ಮೆಳೆಯಲ್ಲಿ ಹಂದಿ ಇನ್ನೂ ಉಸಿರಾಡುತ್ತಾ ಬಿದ್ದಿತ್ತು. ತಂದೆ ಕೋವಿಯನ್ನು ಇವರ ಕೈಗೇ ಕೊಟ್ಟರು.

"ಮಾಂಸದ ಆಸೇಕ್ಕ ಅಲ್ಲ" ಎಂದರು ಕಾಕಾ. "ಗಾಯ ಮಾಡಿದವ ಅದನ್ನ ಅಡವ್ಯಾಗ ಬಿಟ್ಟು ಮನಿಗೆ ಬಂದು ಹೆಂಗ ಉಣ್ತಾನ? ನೀ ಬ್ಯಾಡ ಅಂದ್ರ ನೀ ಬರಬ್ಯಾಡ. ನನಗ ಬ್ಯಾಡ ಅನ್ನಾಕ ಬರೂದಿಲ್ಲ."

ಎರಡನೆಯ ಬೇಸಿಗೆ ಮುಗಿಯುತ್ತಾ ಬಂದಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ, ಉರಿ ಬಿಸಿಲಲ್ಲಿ ನಾವು ಬಯಲಿನ ಅಂಚಿನಲ್ಲಿದ್ದೆವು. ಗಾಳಿ ಒಮ್ಮೆಲೇ ತಣ್ಣಗಾಯಿತು. ಕಾಕಾ ತಲೆ ಎತ್ತಿದರು. "ಓಡು" ಎಂದರು. ಗುಡುಗಿನ ಜೊತೆಗೇ ಆಲಿಕಲ್ಲು ಬಿದ್ದವು, ಬೆನ್ನಿಗೆ ಕಲ್ಲು ಹೊಡೆದ ಹಾಗೆ. ಬಯಲಿನಲ್ಲಿ ಮರೆಯಿಲ್ಲ. ಹಳ್ಳದ ಕಡೆಗೆ ಇಳಿಯುವುದು ಅಪಾಯ. ಹಾಗಾಗಿ ಈವರೆಗೆ ನಾವು ಹೋಗದಿದ್ದ ಕಡೆ, ಹಳ್ಳಕ್ಕೆ ಎದುರಿನ ಬೆಟ್ಟದ ಮಗ್ಗುಲಿಗೆ, ದನ ಹೋಗುವ ದಾರಿ ಹಿಡಿದು ಓಡಿದೆವು. ದಾರಿ ಒಂದು ಕಡೆ ಕುಸಿದಿತ್ತು. ಅದರ ಕೆಳಗೆ ಒಂದು ಬಂಡೆ ಛಾವಣಿಯ ಹಾಗೆ ಮುಂದೆ ಚಾಚಿಕೊಂಡಿತ್ತು. ಬೇರು ಹಿಡಿದು ಜಾರಿ ಇಳಿದು ಅದರಡಿ ನುಗ್ಗಿದೆವು.

ಅಪ್ಪ ಅಲ್ಲಿದ್ದರು.

ಅದನ್ನು ವಿವರವಾಗಿ ಬರೆಯಲಾರೆ. ಮೊದಲು ಕಂಡದ್ದು ಕಿತ್ತಳೆ ಬಣ್ಣದ ರೇನ್‌ಕೋಟಿನ ಒಂದು ಪಟ್ಟಿ. ಹೊರಗಿನ ಗಿಡದ ಕೊಂಬೆಗೆ ಗಂಟು ಹಾಕಿ ಕಟ್ಟಿತ್ತು, ಬಣ್ಣ ಸುಟ್ಟು ಬೆಳ್ಳಗಾಗಿತ್ತು. ಅದರದೇ ಇನ್ನೊಂದು ಪಟ್ಟಿ, ಎರಡು ಕಡ್ಡಿ ಸೇರಿಸಿ, ಕಾಲಿನ ಎಲುಬಿಗೆ ಸುತ್ತಿತ್ತು.

ಕಾಕಾ ರೂಢಿಯ ಹಾಗೆ ಕುಕ್ಕರಗಾಲಲ್ಲಿ ಕೂತರು. ಆಲಿಕಲ್ಲಿನ ಸದ್ದಿನ ನಡುವೆ, ಯಾರಿಗೋ ಓದುವವರ ಹಾಗೆ ಹೇಳತೊಡಗಿದರು: "ಮ್ಯಾಲಿಂದ ಬಿದ್ದಾನ. ಕಾಲು ಮುರದದ. ತಾನೇ ಕಟಗೊಂಡಾನ. ಆಮ್ಯಾಲ ಒಳಗ ತೆವಳಿ ಬಂದಾನ. ಮಂಜು ಹರದ ಮ್ಯಾಲ ಯಾರರೆ ನೋಡ್ಲಿ ಅಂತ ಇದನ್ನ…"

"ನಿಲ್ಲಿಸಿ ಕಾಕಾ."

ನಿಲ್ಲಿಸಿದರು. ಮಳೆ ನಿಂತ ಮೇಲೆ ನನಗೆ ಹಳ್ಳದ ತಿರುವಿಗೆ ಹೋಗಿ ಅಪ್ಪಾ ಎಂದು ಕೂಗು ಎಂದರು. ತಾವು ಹೋಗಿ ಆ ದಿನ ಅಪ್ಪ ಕೂತಿದ್ದ ಕಲ್ಲಿನ ಹತ್ತಿರ ನಿಂತರು. ಯಾಕೆಂದು ನನಗೆ ತಿಳಿಯಲಿಲ್ಲ. ಹೋಗಿ ಕೂಗಿದೆ. ವಾಪಸು ಬಂದಾಗ ಅವರು ಆ ಕಲ್ಲಿನ ಮೇಲೆ ಕೂತಿದ್ದರು, ಎದುರಿನ ಬೆಟ್ಟದ ಕಡೆ ಕೈ ಮಾಡಿ ತೋರಿಸಿದರು. ತಿರುವಿನಿಂದ ಕೂಗಿದ ಕೂಗು ಎದುರಿನ ಬಂಡೆಗೆ ಬಡಿದು, ಕಲ್ಲಿನ ಹತ್ತಿರ ನಿಂತವರಿಗೆ ಆ ಬೆಟ್ಟದ ಕಡೆಯಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು. ಮಂಜಿನಲ್ಲಿ ಕಣ್ಣು ಕಾಣದೆ ಕಿವಿಯನ್ನೇ ನಂಬಿದ ಅಪ್ಪ, ಗೆಳೆಯ ಕರೆಯುತ್ತಿದ್ದಾನೆಂದು ಆ ಕಡೆ ನಡೆದಿದ್ದರು. ಇವರು ಹೆಚ್ಚು ಕೂಗಿದಷ್ಟೂ ಅವರು ದೂರ ಹೋಗಿದ್ದರು.

"ನನ್ನ ದನಿ ಹಿಡಕೊಂಡೇ ಹೋಗ್ಯಾನ" ಎಂದರು ಕಾಕಾ.

ಪೊಲೀಸರ ಕೆಲಸ, ಆಸ್ಪತ್ರೆಯ ಕೆಲಸ ಎಲ್ಲ ಮುಗಿದು ಅಪ್ಪನ ಸಂಸ್ಕಾರವಾಯಿತು. ಬಿದ್ದ ತಕ್ಷಣ ಹೋಗಿದ್ದಾರೆ, ನೋವೇ ಆಗಿಲ್ಲ ಎಂದು ಅಮ್ಮನಿಗೆ ಹೇಳೋಣ ಎಂದು ನಾನು ಕಾಕಾನ ಹತ್ತಿರ ಬೇಡಿಕೊಂಡೆ. ಅವರು ತಲೆ ಅಲ್ಲಾಡಿಸಿದರು. "ಎರಡು ವರ್ಷ ವೈನಿ ಅರ್ಧಾ ಸುದ್ದಿ ಮ್ಯಾಲ ಬದುಕ್ಯಾರ. ಇನ್ನ ಪೂರ್ತಿ ಕೊಡಬೇಕು."

ಹೇಳಲು ಕಾಕಾ ಬಂದ ದಿನ ಅಮ್ಮ ಬಾಗಿಲು ತೆಗೆದಳು. ಹಣೆ ಬರಿದಾಗಿತ್ತು. ಕಾಕಾ ಕೂರಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದರು, ಕಾಲಿನ ಕಟ್ಟು, ಕೊಂಬೆಯ ಬಟ್ಟೆ, ತಿರುವಿನ ಕೂಗು.

"ನೀವು ಕೂಗಿದ್ದು ಅವರಿಗೆ ಕೇಳ್ತಾ ಇತ್ತಾ?" ಎಂದಳು ಅಮ್ಮ.

"ಕೇಳಿರಬೇಕ್ರಿ."

"ಅವರು ಕೂಗಿದ್ದು ನಿಮಗೆ?"

"ಇಲ್ರಿ ವೈನಿ. ಗಾಳಿ ನನ್ನ ಕಡಿಂದ ಆ ಕಡಿಗೆ ಇತ್ತು."

ಅಮ್ಮ ಎದ್ದು ಬಂದು ಎರಡೂ ಮುಷ್ಟಿಯಿಂದ ಅವರ ಎದೆಗೆ ಹೊಡೆದಳು. ಅವರು ಕೈ ಅಡ್ಡ ತರಲಿಲ್ಲ. ಅವಳ ಬಳೆಯಿಲ್ಲದ ಕೈ ಸೋಲುವವರೆಗೂ ನಿಂತಿದ್ದು, ಆಮೇಲೆ ಚಪ್ಪಲಿ ಹಾಕಿಕೊಂಡು ಹೋದರು.

ಹುಡುಕುವುದು ಮುಗಿದ ಮೇಲೆ ಅವರು ಒಳಗೊಳಗೇ ಕುಸಿದರು. ಮಗಳು ಫೋನ್ ಮಾಡಿ, "ದೀದೀ, ಬಾಬಾ ಊಟ ಬಿಟ್ಟಿದ್ದಾರೆ, ನೆರೂಳಿಗೆ ಬಾ ಅಂದರೂ ಬರುವುದಿಲ್ಲ" ಎಂದು ಹಿಂದಿಯಲ್ಲಿ ಅತ್ತಳು. ನಾನು ಹೋಗಿ ನೋಡಿದರೆ ಭಾನುವಾರ ಬೆಳಿಗ್ಗೆ ಬೂಟು ಕಟ್ಟಿಕೊಂಡು ಹಾಸಿಗೆಯ ತುದಿಯಲ್ಲಿ ಕೂತಿದ್ದರು. ಎಲ್ಲಿಗೆ ಎಂದು ಕೇಳಿದೆ. "ಗೊತ್ತಿಲ್ಲ" ಎಂದರು.

ಇದನ್ನು ಮನೆಯಲ್ಲಿ ಹೇಳಿದೆ. ಕೆಲವು ವಾರ ಬಿಟ್ಟು ಅಮ್ಮ, ಅಕ್ಕಿ ಆರಿಸುತ್ತಾ, "ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗಲಿಕ್ಕೆ ಆಗ್ತದಾ ಕೇಳು ಅವರ ಹತ್ತಿರ" ಎಂದಳು.

ಚಳಿಗಾಲದಲ್ಲಿ ಹೋದೆವು. ಘಾಟಿಯ ಮೇಲಿನವರೆಗೆ ಜೀಪು, ಆಮೇಲೆ ಬಯಲಿನಲ್ಲಿ ನಡಿಗೆ. ಮೊಣಕಾಲು ನೋವಿನ ಅಮ್ಮ ಕೋಲೂರಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುವಳು. ಅವಳು ನಿಂತಲ್ಲೆಲ್ಲ ಕಾಕಾ ಸ್ವಲ್ಪ ಮುಂದೆ, ಬೆನ್ನು ತಿರುಗಿಸಿ, ನಿಲ್ಲುವರು. ಅಪ್ಪ ಕೂತಿದ್ದ ಕಲ್ಲು ತೋರಿಸಿದ ಮೇಲೆ ಅಮ್ಮ ಅದನ್ನು ಸೆರಗಿನಿಂದ ಒರೆಸಿ ಕೂತಳು. "ನೀವು ಅಲ್ಲಿ ಹೋಗಿ ಕೂಗಿ" ಎಂದಳು.

ಕಾಕಾನ ಮುಖ ಒಮ್ಮೆ ನನ್ನ ಕಡೆ ತಿರುಗಿತು. ಬೇಡ ಎನ್ನು ಎಂದು ಕೇಳಿದ ಹಾಗಿತ್ತು. ನಾನು ಅಮ್ಮನ ಪಕ್ಕಕ್ಕೆ ಹೋಗಿ ನಿಂತೆ. ಅವರು ತಿರುವು ದಾಟಿ ಮರೆಯಾದರು. ಸ್ವಲ್ಪ ಹೊತ್ತಿಗೆ ಆ ಒಡಕು ದನಿ ಅಪ್ಪನ ಹೆಸರು ಹಿಡಿದು ಕರೆಯಿತು. ಹಳ್ಳದ ಕಡೆಯಿಂದ ಅಲ್ಲ, ಎದುರಿನ ಬೆಟ್ಟದಿಂದ. ಅಮ್ಮ ಎದ್ದು ನಿಂತು ಆ ಕಡೆಗೇ ಒಂದು ಹೆಜ್ಜೆ ಇಟ್ಟಳು. ನಾನು ಅವಳ ತೋಳು ಹಿಡಿದೆ.

"ಅಲ್ಲಿಂದಲೇ ಅಲ್ವಾ ಕರೆಯುವುದು," ಎಂದಳು. "ನಾನಾದರೂ ಅಲ್ಲಿಗೇ ಹೋಗ್ತಿದ್ದೆ."

ನಮ್ಮಲ್ಲಿ ಹಳೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಅಮ್ಮ ನನ್ನ ಮುಖ ನೋಡುತ್ತಿದ್ದಳು. ಅಲ್ಲಿ, ಆ ಅಂಚಿನಲ್ಲಿ, ಕಣಿವೆಯ ಕಡೆ ತಿರುಗಿ ಅಪ್ಪನ ಹೆಸರನ್ನು ಕೂಗಿದಳು. ಒಮ್ಮೆಯಲ್ಲ, ಗಂಟಲು ಕಟ್ಟುವವರೆಗೆ. ತಿರುವಿನಿಂದ ಓಡಿ ಬಂದ ಕಾಕಾ ಅದನ್ನು ಕೇಳಿ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಕೂತುಬಿಟ್ಟರು.

ಆಗಲೇ ಕಣಿವೆಯಿಂದ ಮೋಡ ಏಳತೊಡಗಿತ್ತು. ಜನವರಿಯಲ್ಲಿ ಬರಬಾರದ ಮೋಡ. ಕಾಕಾ ಎದ್ದರು. "ವೈನಿ, ಹವಾ ಕೆಡತದ. ನಡೀರಿ."

"ನೀವು ಹೋಗಿ. ನಾನು ಸ್ವಲ್ಪ ಕೂರ್ತೇನೆ."

"ನಾ ಯಾರನ್ನೂ ಕೂಡಿಸಿ ಹೋಗಂಗಿಲ್ರಿ ಇನ್ನ" ಎಂದು ಅವರೂ ಕೂತರು. ಮಂಜು ಬಂದು ಮೂವರನ್ನೂ ಮುಚ್ಚಿತು. ಸಣ್ಣ ಮಳೆ ಹನಿಯತೊಡಗಿತು. ಪಕ್ಕದಲ್ಲಿದ್ದ ಅಮ್ಮ ನನಗೆ ಕಾಣುತ್ತಿರಲಿಲ್ಲ. ಎಷ್ಟು ಹೊತ್ತಿನ ಮೇಲೋ ಅವಳ ದನಿ ಕೇಳಿತು, "ಕೈ ಕೊಡಿ, ಏಳಲಿಕ್ಕೆ ಆಗುವುದಿಲ್ಲ." ನಾನು ಕೈ ಚಾಚಿದೆ. ಅವಳು ಆಗಲೇ ಕಾಕಾನ ಕೈ ಹಿಡಿದು ಎದ್ದಿದ್ದಳು.

ಜೀಪಿನಲ್ಲಿ ಇಳಿಯುವಾಗ ಅಮ್ಮ ಮುಂದೆ ನೋಡುತ್ತಾ, "ನಿಮ್ಮ ಮೇಲೆ ಸಿಟ್ಟು ಹೋಗಲಿಲ್ಲ ನನಗೆ" ಎಂದಳು.

"ಹೋಗೂದು ಬ್ಯಾಡ್ರಿ" ಎಂದರು ಕಾಕಾ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ, ಅಮ್ಮ ಕರೆಯಲೂ ಇಲ್ಲ. ಬೆಟ್ಟಕ್ಕೂ ಹೋಗಲಿಲ್ಲ. ನಾನು ಆಗಾಗ ಹೋಗಿ ನೋಡಿಬರುತ್ತಿದ್ದೆ. ಊಟ ಮಾಡುತ್ತಿದ್ದರು, ಪೇಪರ್ ಓದುತ್ತಿದ್ದರು, ಮಾತು ಕಮ್ಮಿ.

ಹೋದ ತಿಂಗಳು ನೆರೂಳಿನಿಂದ ಫೋನ್ ಬಂದಾಗ ಅಮ್ಮ ದೋಸೆ ಹೊಯ್ಯುತ್ತಿದ್ದಳು. "ಕಾಕಾ ಹೋದರಂತೆ" ಎಂದೆ. ಅವಳು ಗ್ಯಾಸ್ ಆರಿಸಿದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಟ್ಟ ಸೀರೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಳ್ಳುವ ಸದ್ದು ಕೇಳಿತು, ಒಂದರ ಮೇಲೊಂದು ಚೊಂಬು. ಸಾವಿನ ಸುದ್ದಿ ಬಂದ ಕೂಡಲೇ ಹಾಗೆ ಮೀಯುವುದು, ನಮ್ಮಲ್ಲಿ, ಸ್ವಂತದವರು ತೀರಿಕೊಂಡಾಗ ಮಾತ್ರ.